ನಾಲ್ಕು ತೂತಿನ ಕೇವುಡಿ

ಅಕ್ಟೋಬರ್ 20, 2024, ಭಾನುವಾರ
ನ್ಯೂಜೆರ್ಸಿ

ತಿಂಡಿ ಮುಗಿಸಿ ಗ್ಯಾರೇಜಿಗೆ ಹೋದವನು ಕತ್ತಲಾದ ಮೇಲೇ ಒಳಗೆ ಬಂದೆ. ನಡುವೆ ಊಟಕ್ಕೆ ಎದ್ದದ್ದು ಬಿಟ್ಟರೆ ಇಡೀ ದಿನ ತಂಬಾಕು ಸೇದುವ ಒಂದು ಹಳೇ ಪೈಪಿಗೇ ಹೋಯಿತು. ನಿನ್ನೆ ಲ್ಯಾಂಬರ್ಟ್‌ವಿಲ್‌ನ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿದ್ದು. ತುಕ್ಕು ಹಿಡಿದ ಕೀಲಿ, ಮುರಿದ ಕನ್ನಡಕ, ಅಂಗಿ ಗುಂಡಿಗಳ ಜೊತೆ ಒಂದು ಬಿಸ್ಕತ್ ಡಬ್ಬದಲ್ಲಿ ಬಿದ್ದಿತ್ತು. ತಂಬಾಕು ತುಂಬುವ ಬೌಲಿನ ಒಳಗೆ ದಪ್ಪಗೆ ಕರಿ ಕಟ್ಟಿತ್ತು. ಬಾಯಿಗಿಡುವ ಸ್ಟೆಮ್ ಪಾಚಿ ಬಣ್ಣಕ್ಕೆ ತಿರುಗಿತ್ತು. ಆದರೆ ಸ್ಟೆಮ್ಮಿನ ಪಕ್ಕದಲ್ಲಿ ಕೇವುಡಿ ಪೈಪ್‌ಗಳ ಪುಟ್ಟ ಮೂರೆಲೆ ಗುರುತು ಇಣುಕುತ್ತಿತ್ತು. ಮೆಲ್ಲಗೆ ತಿರುಪಿ ಬಿಚ್ಚಿ ನೋಡಿದೆ. ಸ್ಟೆಮ್ಮಿನ ತುದಿಯ ಅಲ್ಯೂಮಿನಿಯಂ ತುಣುಕು, ಅಂದರೆ ಸ್ಟಿಂಗರ್, ಪೂರ್ತಿ ಉಳಿದಿತ್ತು. ಅದರ ತುದಿಯ ಗುಂಡಿನಲ್ಲಿ ನಾಲ್ಕು ತೂತು. ಮಾರುವವರು ಹನ್ನೆರಡು ಡಾಲರ್ ಅಂದರು. ಚೌಕಾಸಿ ಮಾಡದೆ ಕೊಟ್ಟೆ.

ಕೇವುಡಿ ಅಂದರೆ ಒಂಥರಾ ನಮ್ಮೂರ ಸರಕು. ಕಾಫ್‌ಮನ್ ಬ್ರದರ್ಸ್ ಅಂಡ್ ಬಾಂಡಿ ಅನ್ನುವ ನ್ಯೂಯಾರ್ಕಿನ ಕಂಪನಿ ಶುರುವಾಗಿದ್ದು 1851ರಲ್ಲಿ. ಕೇವುಡಿ ಹೆಸರಿನ ಪೈಪ್ ಬಂದದ್ದು 1919ರಲ್ಲಿ. ಆಮೇಲೆ ಹಡ್ಸನ್ ನದಿಯ ಈಚೆ ದಡದ ವೆಸ್ಟ್ ನ್ಯೂಯಾರ್ಕಿಗೆ ಕಾರ್ಖಾನೆ ಬಂತು. ಹೆಸರು ಹಾಗಿದ್ದರೂ ಆ ಊರು ಇರುವುದು ನ್ಯೂಜೆರ್ಸಿಯಲ್ಲೇ. 1955ರಲ್ಲಿ ಎಸ್. ಎಂ. ಫ್ರಾಂಕ್ ಕಂಪನಿಯವರು ಇದನ್ನು ಕೊಂಡುಕೊಂಡರು.

ಈ ಸ್ಟಿಂಗರ್ ಕೇವುಡಿಯ ದೊಡ್ಡ ಹೆಮ್ಮೆ. ಸ್ಟೆಮ್ಮಿನ ತುದಿಗೆ ಕೂತ ಲೋಹದ ತುಣುಕು ಇದು. ಸುತ್ತ ತಿರುಪಿನ ಗೆರೆ ಇರುವುದರಿಂದ ಮರದ ಕತ್ತಿನೊಳಗೆ, ಅಂದರೆ ಶ್ಯಾಂಕಿನೊಳಗೆ, ಸ್ಕ್ರೂ ಥರ ಕೂರುತ್ತದೆ. ಬಿಸಿ ಹೊಗೆ ತಣ್ಣನೆಯ ಲೋಹಕ್ಕೆ ತಾಗಿ ತೇವ ಅಲ್ಲೇ ಇಳಿಯುತ್ತದೆ. ಸೇದುವವನ ಬಾಯಿಗೆ ಕಹಿ ನೀರು ಬರುವುದಿಲ್ಲ. ಅದಕ್ಕೇ ಪೈಪಿನ ಮೇಲೆ ‘ಡ್ರಿಂಕ್‌ಲೆಸ್’ ಅಂತ ಒತ್ತುತ್ತಿದ್ದರು. ನಾಲ್ಕು ತೂತಿನವು ಹಳೆಯವು, ಮೂರು ತೂತಿನವು ಆಮೇಲಿನವು.

ಇಂಥ ಸಣ್ಣ ಸುಳಿವುಗಳೇ ನಮಗೆ ಗತಿ. ಇಂಗ್ಲೆಂಡಿನ ಡನ್‌ಹಿಲ್ ಪೈಪ್ ಆದರೆ ಮರದ ಮೇಲಿನ ಪುಟ್ಟ ಅಂಕಿ ನೋಡಿ ಯಾವ ವರ್ಷದ್ದು ಅಂತ ಹೇಳಬಹುದು. ಅದಕ್ಕೆ ತಕ್ಕ ಹಾಗೆ ಬೆಲೆಯೂ ಇರುತ್ತದೆ. ಅಮೆರಿಕದ ಪೈಪ್‌ಗಳಿಗೆ ಆ ಭಾಗ್ಯ ಇಲ್ಲ. ಔಷಧಿ ಅಂಗಡಿಯಲ್ಲಿ, ಸಿಗಾರ್ ಅಂಗಡಿಯಲ್ಲಿ ರಾಶಿ ರಾಶಿ ಮಾರಿದ ಮಾಲು. ಯಾರೂ ವರ್ಷ ಬರೆದಿಡಲಿಲ್ಲ. ಸ್ಟಿಂಗರ್ ಎಂಥದು, ಮೂರೆಲೆ ಎಲ್ಲಿದೆ, ಶ್ಯಾಂಕಿನ ಮೇಲೆ ಏನು ಒತ್ತಿದ್ದಾರೆ, ಆಕಾರದ ನಂಬರ್ ಎಷ್ಟು ಅಂಕಿಯದು, ಇವನ್ನೆಲ್ಲ ಜೋಡಿಸಿ ಅಂದಾಜು ಕಟ್ಟಬೇಕು. ನನಗೆ ಇದೇ ಜಾಸ್ತಿ ಇಷ್ಟ. ದುಡ್ಡಿರುವವರು ಡನ್‌ಹಿಲ್ ಕೊಳ್ಳಲಿ ಬಿಡಿ.

ಆದ್ದರಿಂದ ನನ್ನದು ಒಂದೇ ಹಟ. ಹೊಳಪು ಬರದಿದ್ದರೂ ಪರವಾಗಿಲ್ಲ, ಮುದ್ರೆ ಅಳಿಯಬಾರದು. ಯಂತ್ರದ ಬಫಿಂಗ್ ಚಕ್ರಕ್ಕೆ ಹಿಡಿದು ಫಳಫಳ ಅನ್ನಿಸಿದ ಪೈಪ್‌ಗಳನ್ನು ಸಂತೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಕ್ಷರಗಳ ಅಂಚು ಸವೆದು, ಅರ್ಧ ಹೆಸರು ಮಾಯವಾಗಿ, ಏನೆಂದು ಓದುವುದಕ್ಕೇ ಆಗುವುದಿಲ್ಲ. ಹೊಸದರ ಹಾಗೆ ಕಾಣುತ್ತದೆ, ಸರಿ. ಆದರೆ ಅದು ಯಾರು ಮಾಡಿದ್ದು, ಯಾವ ಕಾಲದ್ದು ಅಂತ ಇನ್ನು ಯಾರಿಗೂ ಹೇಳಲು ಬರುವುದಿಲ್ಲ.

ಇವತ್ತಿನ ಕೆಲಸಕ್ಕೆ ಬರುತ್ತೇನೆ. ಮೊದಲು ರೀಮರ್ ಹಾಕಿ ಬೌಲಿನ ಕರಿ ಕೆರೆದೆ. ಸೇದುವವರು ಒಂದು ಡೈಮ್ ನಾಣ್ಯದಷ್ಟು ದಪ್ಪ ಕರಿ ಬಿಡುತ್ತಾರೆ. ಅದು ಮರವನ್ನು ಬೆಂಕಿಯಿಂದ ಕಾಯುತ್ತದೆ ಅಂತ. ನಾನು ಮರ ಕಾಣುವವರೆಗೂ ತೆಗೆಯುತ್ತೇನೆ, ಒಳಗೆ ಬಿರುಕಿದ್ದರೆ ಗೊತ್ತಾಗಬೇಕಲ್ಲ. ಪುಣ್ಯಕ್ಕೆ ಬಿರುಕು ಇರಲಿಲ್ಲ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೈಪ್ ಕ್ಲೀನರ್, ಅಂದರೆ ನೂಲು ಸುತ್ತಿದ ತಂತಿ, ಅದ್ದಿ ಶ್ಯಾಂಕಿನೊಳಗೆ ಆಡಿಸಿದೆ. ಕಪ್ಪು ಬಂತು, ಮತ್ತೆ ಕಪ್ಪು, ಮತ್ತೆ ಕಂದು. ಅದು ಮುಗಿಯುವ ಲಕ್ಷಣ ಕಾಣದಿದ್ದಾಗ ಬೌಲಿಗೆ ಹತ್ತಿ ತುರುಕಿ ಆಲ್ಕೋಹಾಲ್ ಹನಿಸಿ ಪಕ್ಕಕ್ಕಿಟ್ಟೆ. ಸಂಜೆ ತೆಗೆದಾಗ ಹತ್ತಿ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಆಲ್ಕೋಹಾಲ್ ಹೊರಮೈಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಒಂದು ಹನಿ ಜಾರಿದರೂ ಹಳೇ ಬಣ್ಣ ಕಿತ್ತುಕೊಂಡು ಬರುತ್ತದೆ.

ಬೌಲಿನ ಮುಂಭಾಗದಲ್ಲಿ ಒಂದು ನೆಗ್ಗು ಇತ್ತು. ಯಾರೋ ಬೂದಿ ಕೊಡವಲು ಕಲ್ಲಿಗೆ ಕುಟ್ಟಿರಬೇಕು. ಇದಕ್ಕೆ ಹಬೆಯೇ ಮದ್ದು. ಒದ್ದೆ ಬಟ್ಟೆ ಮಡಿಸಿ ನೆಗ್ಗಿನ ಮೇಲಿಟ್ಟು ಒಲೆಯಲ್ಲಿ ಕಾಯಿಸಿದ ಹಳೇ ಚಾಕು ಒತ್ತಿದೆ. ಚುಂಯ್ ಅಂತು. ಅದುಮಿಹೋಗಿದ್ದ ಮರದ ನಾರು ನೀರು ಕುಡಿದು ಉಬ್ಬುತ್ತದೆ. ಕೆಲವು ಸಲ ಒತ್ತಿದ ಮೇಲೆ ಬೆರಳಿಗೆ ನೆಗ್ಗು ಸಿಗಲಿಲ್ಲ. ಆದರೆ ಇದೇ ಹಬೆ ಶ್ಯಾಂಕಿನ ಕಡೆ ಹೋದರೆ ಕೆಟ್ಟಿತು. ಮುದ್ರೆ ಅಂದರೂ ಮರವನ್ನು ಒತ್ತಿ ಮಾಡಿದ ನೆಗ್ಗೇ ಅಲ್ವಾ? ಅದೂ ಉಬ್ಬಿ ಎದ್ದುಬಿಡುತ್ತದೆ. ಅದಕ್ಕೇ ಶ್ಯಾಂಕಿಗೆ ಒಣ ಬಟ್ಟೆ ಸುತ್ತಿಟ್ಟು ಕೆಲಸ ಮಾಡಿದೆ.

ಮುದ್ರೆ ಇರುವ ಕಡೆ ಮೆತ್ತನೆ ಬಟ್ಟೆಗೆ ಒಂದಿಷ್ಟು ಸೋಪಿನ ನೀರು ಮಾಡಿಕೊಂಡು ಒರೆಸಿದೆ, ಅಷ್ಟೆ. ಕೊಳೆ ಹೋದ ಮೇಲೆ ಟೇಬಲ್ ಲ್ಯಾಂಪ್ ಪಕ್ಕಕ್ಕೆ ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಂಡವು. ‘ಕೇವುಡಿ’, ಕೆಳಗೆ ‘ಡ್ರಿಂಕ್‌ಲೆಸ್’, ಅದರ ಕೆಳಗೆ ‘ಇಂಪೋರ್ಟೆಡ್ ಬ್ರಯರ್’.

ಈ ಕೊನೆಯ ಸಾಲು ಸುಮ್ನೆ ಒತ್ತಿದ್ದಲ್ಲ. ಪೈಪ್ ಮಾಡುವ ಬ್ರಯರ್ ಅಮೆರಿಕದಲ್ಲಿ ಬೆಳೆಯುವ ಮರವಲ್ಲ. ಅದು ಎರಿಕಾ ಆರ್ಬೋರಿಯಾ ಅನ್ನುವ ಪೊದೆಗಿಡದ ಬುಡದಲ್ಲಿ, ಬೇರಿಗೂ ಕಾಂಡಕ್ಕೂ ನಡುವೆ, ಗಂಟು ಕಟ್ಟಿಕೊಂಡು ಬೆಳೆಯುವ ಭಾಗ. ಅಲ್ಜೀರಿಯಾ, ಕಾರ್ಸಿಕಾ, ಇಟಲಿಯ ಕಲಾಬ್ರಿಯಾ, ಗ್ರೀಸ್, ಹೀಗೆ ಮೆಡಿಟರೇನಿಯನ್ ಸುತ್ತಲಿನ ಗುಡ್ಡಗಳಿಂದ ಬರಬೇಕು. ಗಂಟನ್ನು ಕೊಯ್ದು, ನೀರಿನಲ್ಲಿ ತಾಸುಗಟ್ಟಲೆ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿ ಹಡಗು ಹತ್ತಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಆ ದಾರಿ ಮುಚ್ಚಿತು. ಇಲ್ಲಿಯವರು ಏನು ಮಾಡಿದರು ಅನ್ನುತ್ತೀರಿ? ಕ್ಯಾಲಿಫೋರ್ನಿಯಾದ ಮ್ಯಾಂಜನೀಟಾ ಗಿಡದ ಬುಡ ಅಗೆದು ಅದಕ್ಕೆ ‘ಮಿಷನ್ ಬ್ರಯರ್’ ಅಂತ ಹೆಸರಿಟ್ಟರು. ನಾರ್ತ್ ಕೆರೊಲೈನಾದ ಸ್ಪಾರ್ಟಾದಲ್ಲಿ ಮೌಂಟನ್ ಲಾರೆಲ್ ಗಿಡದ ಬುಡದಿಂದ ಪೈಪ್ ಮಾಡಿದರು. ಅಂಥದೊಂದು ಮಿಷನ್ ಬ್ರಯರ್ ಪೈಪ್ ನನ್ನ ಹತ್ತಿರ ಇನ್ನೂ ಇಲ್ಲ. ಕಣ್ಣಿಟ್ಟಿದ್ದೇನೆ.

ಸ್ಟೆಮ್ ಕೆಲಸ ಬೇಜಾರಿನದು. ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್ ಅದು, ವಲ್ಕನೈಟ್ ಅನ್ನುತ್ತಾರೆ. ಬಿಸಿಲು ಬಿದ್ದರೆ ಹಸಿರು ಮಿಶ್ರಿತ ಕಂದಾಗುತ್ತದೆ. ಒದ್ದೆ ಮಾಡಿ ಉಜ್ಜಿದರೆ ಗಂಧಕದ ನಾತ. 600 ನಂಬರಿನ ಸ್ಯಾಂಡ್‌ಪೇಪರಿನಿಂದ ಶುರು ಮಾಡಿ ಇನ್ನೂ ನಯವಾದ 2000ದವರೆಗೆ ಹೋದೆ. ಮೂರೆಲೆ ಗುರುತಿನ ಸುತ್ತ ಮಾತ್ರ ಕಾಗದವನ್ನು ಬೆರಳ ತುದಿಯಲ್ಲಿ ಸಣ್ಣಗೆ ಮಡಿಸಿಕೊಂಡೆ. ಕಚ್ಚುವ ಜಾಗದಲ್ಲಿ ಹಲ್ಲಿನ ಗುರುತು ಎರಡಿದ್ದವು. ಲೈಟರ್ ಜ್ವಾಲೆಯನ್ನು ಮೇಲೆ ಬೇಗ ಬೇಗ ಆಡಿಸಿದರೆ ಹಳೇ ರಬ್ಬರ್ ತನ್ನ ಮೊದಲಿನ ಆಕಾರಕ್ಕೆ ಮರಳುತ್ತದೆ. ಒಂದು ಪೂರ್ತಿ ಎದ್ದಿತು. ಇನ್ನೊಂದು ಸ್ವಲ್ಪ ಉಳಿಯಿತು. ಇರಲಿ ಬಿಡು ಅಂತ ಬಿಟ್ಟೆ. ಮತ್ತೆ ಜೋಡಿಸಿದಾಗ ಸ್ಟೆಮ್ ಕೊಂಚ ಸೊಟ್ಟ ನಿಂತಿತ್ತು. ಸ್ಟಿಂಗರ್ ಬಿಸಿ ಮಾಡಿ ತಿರುಗಿಸಿದ ಮೇಲೆ ನೆಟ್ಟಗಾಯಿತು. ಕಾರ್ನೂಬಾ ಮೇಣ ಹಚ್ಚುವುದು ನಾಳೆಗೆ, ಅದೂ ಕೈಯಲ್ಲೇ.

ರಾತ್ರಿ ಊಟಕ್ಕೆ ಕೂತಾಗ ಮನೆಯವಳು ಮೂಗು ಮುಚ್ಚಿಕೊಂಡೇ ಬಡಿಸಿದಳು. “ಸೇದೋದಿಲ್ಲ, ಮಾರೋದೂ ಇಲ್ಲ, ಮತ್ಯಾಕ್ರೀ ಈ ನಾತ?” ಪ್ರಶ್ನೆ ಹೊಸದಲ್ಲ. ಹೌದು, ನಾನು ಸೇದಿದವನಲ್ಲ. ಹುಣಸೂರು ಕಡೆಯವನಾದ್ದರಿಂದ ಹೊಗೆಸೊಪ್ಪು ಹೊಸದೂ ಅಲ್ಲ. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ಗೆ ರಾತ್ರಿಯಿಡೀ ಸೌದೆ ಹಾಕುತ್ತಾ ಕೂತವರ ಕಷ್ಟ ನೋಡಿ ಬೆಳೆದೆ. ಅಲ್ಲಿ ಬೆಳೆಯುವ ತಳಿಗೂ ವರ್ಜೀನಿಯಾ ಅಂತಲೇ ಹೆಸರು. ಸೇದುವ ಆಸೆ ಆಗಲೇ ಹೋಗಿತ್ತು. ಮರದ ಕೆಲಸದ ಹುಚ್ಚು ಮಾತ್ರ ಇಲ್ಲಿ ಹತ್ತಿತು. ಅವಳಿಗೆ “ಮೇಣ ಹಚ್ಚಿದರೆ ನಾತ ಹೋಗುತ್ತೆ” ಅಂದೆ. ಅವಳು ನಂಬಲಿಲ್ಲ.

ಆಫೀಸಿನ ಗೆಳೆಯನೊಬ್ಬನಿಗೆ ಫೋಟೋ ಕಳಿಸಿದ್ದೆ. ಅವನು ಪೈಪ್ ಸೇದುವವನು. ಈಗ ಫೋನ್ ಮಾಡಿದ್ದ. ನಲವತ್ತು ಡಾಲರ್ ಕೊಡುತ್ತಾನಂತೆ. ಖುಷಿಯಾಯಿತು. ಆಮೇಲೆ ಸ್ಟಿಂಗರ್ ಇದ್ದರೆ ಕ್ಲೀನರ್ ಒಳಗೆ ತೂರುವುದಿಲ್ಲ, ಅದರ ಗುಂಡನ್ನು ಕತ್ತರಿಸಿ ಹಾಕುತ್ತೇನೆ, ಎಲ್ಲರೂ ಹಾಗೇ ಮಾಡುತ್ತಾರೆ ಅಂದ. ಎಲ್ಲರೂ ಮಾಡುತ್ತಾರೆ ಅನ್ನುವುದು ನಿಜ. ನಾಲ್ಕು ತೂತಿನವು ಇಷ್ಟು ಕಡಿಮೆ ಸಿಗುವುದು ಅದಕ್ಕೇ. ನನ್ನ ಹತ್ತಿರ ಯೆಲ್ಲೋ-ಬೋಲ್ ಅನ್ನುವ ಇನ್ನೊಂದು ಪೈಪ್ ಇದೆ, ಸ್ಟಿಂಗರ್ ಮೊದಲೇ ಕಳೆದುಹೋದದ್ದು, ಬೇಕಾದರೆ ಅದನ್ನು ತಗೋ ಅಂದೆ. ಯೋಚನೆ ಮಾಡಿ ಹೇಳುತ್ತಾನಂತೆ.