ಮಕ್ಕಳ ನೋವನ್ನು ಮಕ್ಕಳಿಂದಲೇ ಹಾಡಿಸಬೇಕೆ?

ಹದಿಹರೆಯದವರೊಂದಿಗೆ ಸಂಗೀತ ನಾಟಕಗಳನ್ನು ಕಟ್ಟುವ ನನ್ನನ್ನು ಪೋಷಕರೂ ಶಿಕ್ಷಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಯುದ್ಧ, ನಿರಾಶ್ರಿತರ ಬದುಕು, ಬಾಲಕಾರ್ಮಿಕರ ಪಾಡು, ಇವನ್ನೆಲ್ಲ ಎಳೆಯರಿಂದ ಹಾಡಿಸಿ ಕುಣಿಸುವುದು ಸರಿಯೇ? ನೋವನ್ನು ಮನರಂಜನೆಯ ಸರಕಾಗಿಸಿದಂತೆ ಆಗುವುದಿಲ್ಲವೇ? ಸರಿ ಎಂದೇ ನನ್ನ ಉತ್ತರ. ಆದರೆ ಆ ಮಾತಿಗೆ ಕೆಲವು ಕಟ್ಟುಪಾಡುಗಳಿವೆ.

2024ರಲ್ಲಿ ಜಗತ್ತಿನಾದ್ಯಂತ ಸುಮಾರು 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಅಂದಾಜಿಸಿವೆ. ಈ ಸಂಖ್ಯೆಯನ್ನು ಓದಿದ ವಿದ್ಯಾರ್ಥಿ ಅದನ್ನು ಪರೀಕ್ಷೆಯವರೆಗೆ ನೆನಪಿಟ್ಟುಕೊಂಡಾನು. ಅದೇ ವಿದ್ಯಾರ್ಥಿ ಇಟ್ಟಿಗೆಗೂಡಿನಲ್ಲಿ ದುಡಿಯುವ ಹುಡುಗಿಯ ಪಾತ್ರದಲ್ಲಿ ಹಾಡಬೇಕಾದಾಗ, ಅವಳು ಎಷ್ಟು ಹೊತ್ತಿಗೆ ಏಳುತ್ತಾಳೆ, ಅವಳ ಮನೆಯವರು ಯಾರ ಸಾಲಕ್ಕೆ ಸಿಲುಕಿದ್ದಾರೆ, ಶಾಲೆಯ ಮಾತು ಬಂದಾಗ ಅವಳೇಕೆ ಮೌನಿಯಾಗುತ್ತಾಳೆ ಎಂದು ಹುಡುಕತೊಡಗುತ್ತಾನೆ. ಅದು ತಿಳಿಯದೆ ಪಲ್ಲವಿಯನ್ನು ಎಲ್ಲಿ ಎತ್ತಬೇಕು, ಎಲ್ಲಿ ತಗ್ಗಿಸಬೇಕು ಎಂಬುದೂ ತಿಳಿಯುವುದಿಲ್ಲ. ಅರಿವು ಮೊದಲು ಹುಟ್ಟುವುದು ತಾಲೀಮಿನ ಕೋಣೆಯಲ್ಲಿ. ಪ್ರೇಕ್ಷಕರಿಗೆ ಅದು ತಲುಪುವುದು ಆಮೇಲೆ.

ನನ್ನ ಕಟ್ಟುಪಾಡುಗಳ ಹಿಂದೆ ಒಂದು ಹಳೆಯ ಕೃತಿಯ ಚರಿತ್ರೆ ಇದೆ. ಸಂಗೀತಕಾರ ಹಾನ್ಸ್ ಕ್ರಾಸಾ 1938ರಲ್ಲಿ ರಚಿಸಿದ ‘ಬ್ರುಂಡಿಬಾರ್’ ಎಂಬ ಚೆಕ್ ಭಾಷೆಯ ಮಕ್ಕಳ ಆಪೆರಾದಲ್ಲಿ, ಕಾಯಿಲೆಬಿದ್ದ ತಾಯಿಗೆ ಹಾಲು ಕೊಳ್ಳಲೆಂದು ಪೇಟೆಯಲ್ಲಿ ಹಾಡಲು ಹೊರಟ ಇಬ್ಬರು ಮಕ್ಕಳನ್ನು ಒಬ್ಬ ಬೀದಿ ವಾದ್ಯಗಾರ ಗದರಿಸಿ ಓಡಿಸುತ್ತಾನೆ; ಊರ ಮಕ್ಕಳೆಲ್ಲ ಅವರೊಂದಿಗೆ ದನಿಗೂಡಿಸಿದಾಗ ಅವನು ಸೋಲುತ್ತಾನೆ. ನಾಜಿಗಳ ಟೆರೆಜಿನ್ ಶಿಬಿರದಲ್ಲಿ ಬಂದಿಗಳಾಗಿದ್ದ ಯಹೂದಿ ಮಕ್ಕಳು 1943ರ ಸೆಪ್ಟೆಂಬರಿನಿಂದ ಇದನ್ನು 55 ಬಾರಿ ಆಡಿದರು. ಹಾಡುತ್ತಿದ್ದವರನ್ನು ನಾಜಿಗಳ ಕೊಲೆಶಿಬಿರವಾದ ಆಶ್ವಿಟ್ಸ್‌ಗೆ ಸಾಗಿಸಿದಂತೆಲ್ಲ ಬೇರೆ ಮಕ್ಕಳು ಆ ಪಾತ್ರಗಳನ್ನು ಕಲಿತು ರಂಗಕ್ಕೆ ಬಂದರು. ಕಥೆಯ ದುಷ್ಟ ಯಾರೆಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆದರೆ 1944ರ ಜೂನ್‌ನಲ್ಲಿ ರೆಡ್ ಕ್ರಾಸ್ ಪ್ರತಿನಿಧಿಗಳು ಭೇಟಿಯಿತ್ತಾಗ, ಶಿಬಿರದಲ್ಲಿ ಎಲ್ಲರೂ ಕ್ಷೇಮವಾಗಿದ್ದಾರೆಂದು ನಂಬಿಸಲು ನಾಜಿಗಳು ಇದೇ ಆಟವನ್ನು ತೋರಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಕ್ರಾಸಾ ಅವರನ್ನು ಆಶ್ವಿಟ್ಸ್‌ನಲ್ಲಿ ಕೊಲ್ಲಲಾಯಿತು. ಮಕ್ಕಳಿಗೆ ಧೈರ್ಯ ಕೊಟ್ಟ ಹಾಡೇ ನೋಡುವವರ ಕಣ್ಣಿಗೆ ಪರದೆಯೂ ಆಯಿತು. ಆದ್ದರಿಂದ ಮಕ್ಕಳು ಹಾಡಬೇಕೆ ಎಂಬುದಕ್ಕಿಂತ, ಯಾರ ಇಚ್ಛೆಯಿಂದ, ಯಾರ ಹಿತಕ್ಕಾಗಿ ಹಾಡುತ್ತಿದ್ದಾರೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಕ್ಕಳಿಗೆ ನೀಡುತ್ತದೆ. 31ನೇ ವಿಧಿ ಕಲೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಆದ್ದರಿಂದ ರಂಗಪಠ್ಯ ಸಿದ್ಧವಾದ ಮೇಲೆ ಮಕ್ಕಳನ್ನು ಕರೆದು ಪಾತ್ರ ಹಂಚುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಬರೆಯುವ ಹಂತದಲ್ಲೇ ಅವರು ಇರಬೇಕು, ಬೇಡವೆನ್ನುವ ಸ್ವಾತಂತ್ರ್ಯವೂ ಅವರಿಗಿರಬೇಕು.

ಇನ್ನೊಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಯುದ್ಧದಿಂದಲೋ ಹಿಂಸೆಯಿಂದಲೋ ಪಾರಾಗಿ ಬಂದ ಮಗುವಿನಿಂದ ಅದರದೇ ಕಥೆಯನ್ನು ರಂಗದ ಮೇಲೆ ಮತ್ತೆ ಆಡಿಸಬಾರದು. ಆ ಮಗುವೂ ತಂಡದಲ್ಲಿರಲಿ, ಬೇರೆ ಪಾತ್ರ ಮಾಡಲಿ, ತಾಳ ಹಾಕಲಿ, ತನಗೆ ಬೇಕಾದಷ್ಟನ್ನೇ ಹೇಳಲಿ. ಪ್ರೇಕ್ಷಕರ ಕಣ್ಣೀರಿಗಾಗಿ ಒಂದು ಮಗುವಿನ ಗಾಯವನ್ನು ಕೆದಕುವ ನಾಟಕ ಎಷ್ಟೇ ಇಂಪಾಗಿದ್ದರೂ ತನ್ನ ಉದ್ದೇಶಕ್ಕೆ ತಾನೇ ದ್ರೋಹ ಬಗೆದಂತೆ.

ಬರೀ ಮರುಕ ಹುಟ್ಟಿಸುವ ಹಾಡುಗಳೂ ನನಗೆ ಸಾಲವು. 1976ರ ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ, ಆಳುತ್ತಿದ್ದ ಬಿಳಿಯರ ಆಫ್ರಿಕಾನ್ಸ್ ಭಾಷೆಯ ಹೇರಿಕೆಯನ್ನು ವಿರೋಧಿಸಿ ಕಪ್ಪು ಜನಾಂಗದ ಶಾಲಾಮಕ್ಕಳು ಬೀದಿಗಿಳಿದರು, ಪೊಲೀಸರ ಗುಂಡಿಗೆ ಎದೆಯೊಡ್ಡಿದರು. ಆ ದಂಗೆಯ ನೆನಪಿನಿಂದ ಹುಟ್ಟಿ 1987ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ರಂಗಕ್ಕೆ ಬಂದ ‘ಸಾರಾಫಿನಾ!’ ಸಂಗೀತ ನಾಟಕದಲ್ಲಿ ಮಕ್ಕಳು ಕೇವಲ ನೊಂದವರಲ್ಲ. ಯೋಚಿಸುವವರು, ಜಗಳವಾಡುವವರು, ನಗುವವರು. ಅಂಥ ಪಾತ್ರವಿದ್ದರೆ ಅದನ್ನು ಹಾಡುವ ಹುಡುಗಿಯನ್ನು ತಡೆಯಬೇಡಿ ಎಂದು ನಾನು ಪೋಷಕರಿಗೆ ಹೇಳುತ್ತೇನೆ. ಪಾತ್ರ ಅವಳನ್ನು ಕಾಡತೊಡಗಿದರೆ ಪ್ರದರ್ಶನದ ಹಿಂದಿನ ದಿನವಾದರೂ ಅವಳನ್ನು ಬಿಡಿಸಿಕೊಳ್ಳಬಹುದು ಎಂಬುದನ್ನೂ ತಾಲೀಮಿನ ಮೊದಲ ದಿನವೇ ತಿಳಿಸುತ್ತೇನೆ.