ಕನ್ನಡಕ ಕೊಟ್ಟು ಹೋಗುತ್ತಿದ್ದವನು

ನಿನ್ನೆ ರಾತ್ರಿ ಅಣ್ಣನ ಜೊತೆ ಫೋನಲ್ಲಿ ಮಾತು ಶುರುವಾಗಿದ್ದು ಎಲ್ಲಿಂದಲೋ, ಹೋಗಿ ನಿಂತಿದ್ದು ಕುಸ್ತಿಪಟು ಬ್ರೆಟ್ ಹಾರ್ಟ್ ಹತ್ತಿರ. ನಾವು ಹುಡುಗರಾಗಿದ್ದಾಗ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡ್, ಅಂದರೆ ಟಿವಿಯಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿಪಟುಗಳ ಚಿತ್ರದ ಕಾರ್ಡ್, ಅಂದರೆ ಪ್ರಾಣ ಅಲ್ವಾ? ಎಲ್ಲರಿಗೂ ಅಂಡರ್‌ಟೇಕರ್ ಬೇಕು, ನನಗೆ ಮಾತ್ರ ಬ್ರೆಟ್. ರಿಂಗಿಗೆ ಬರುವಾಗ ತನ್ನ ಕನ್ನಡಕ ತೆಗೆದು ಮುಂದಿನ ಸಾಲಲ್ಲಿದ್ದ ಯಾವುದಾದರೂ ಮಗುವಿಗೆ ಹಾಕಿ ಹೋಗುತ್ತಿದ್ದ. ಅದೊಂದಕ್ಕೇ ಅವನು ನನ್ನವನಾಗಿಬಿಟ್ಟ.

ಅಣ್ಣ ನೆನಪಿಸಿದ್ದು ಆ ಕುಸ್ತಿಯ ವರ್ಷದ ದೊಡ್ಡ ಶೋ, 1994ರ ರೆಸಲ್‌ಮೇನಿಯಾ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮೊದಲ ಪಂದ್ಯದಲ್ಲೇ ತಮ್ಮ ಓವನ್ ಕೈಲಿ ಬ್ರೆಟ್ ಸೋತ, ಅದೇ ರಾತ್ರಿ ಕೊನೆಗೆ ಯೊಕೊಜುನಾನನ್ನು ಸೋಲಿಸಿ ಚಾಂಪಿಯನ್ ಆದ, ಉಳಿದವರೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಸಂಭ್ರಮಿಸುತ್ತಿದ್ದರೆ ಓವನ್ ದೂರದಲ್ಲಿ ನಿಂತು ಸುಮ್ನೆ ನೋಡುತ್ತಿದ್ದ. ಅದೆಲ್ಲ ಮೊದಲೇ ಬರೆದಿಟ್ಟ ಕಥೆ, ಗೊತ್ತು. ಆದರೂ ಆ ನೋಟ ಮರೆಯುವುದಕ್ಕೆ ಆಗುತ್ತಿಲ್ಲ.

ಅದೇ ಓವನ್ 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ, ಛಾವಣಿಯಿಂದ ರಿಂಗಿಗೆ ಇಳಿಯುವಾಗ ಬಿದ್ದು ಸತ್ತ. ಬರೀ 34 ವರ್ಷ. ಅದು ಕಥೆಯಲ್ಲ.

ಈಗ ಆ ಹಳೆಯ ವಿಡಿಯೋ ನೋಡಿದರೆ ಯಾರು ಗೆದ್ದರು ಅನ್ನುವುದು ಮುಖ್ಯ ಅನಿಸುವುದಿಲ್ಲ. ಅಣ್ಣತಮ್ಮ ಇಬ್ಬರೂ ಒಂದೇ ರಿಂಗಲ್ಲಿ ಇದ್ದಾರಲ್ಲ, ಅಷ್ಟು ಸಾಕು ಅನಿಸುತ್ತದೆ.

ಫೋನ್ ಇಡುವ ಮುಂಚೆ ಕೇಳಿದೆ, ದೀಪಾವಳಿಗೆ ಊರಿಗೆ ಬರ್ತೀಯಾ ಅಂತ. ಬರುತ್ತಾನಂತೆ. ನಮ್ಮ ಕಾರ್ಡುಗಳು ಇನ್ನೂ ಅಟ್ಟದ ಮೇಲಿವೆ.