ಒಂದೇ ರೈಲು, ಎರಡು ಲಿಪಿ

ಲಂಡನ್ನಿನ ವೈಟ್‌ಚಾಪೆಲ್ ನಿಲ್ದಾಣದ ಬೋರ್ಡಿನಲ್ಲಿ ಇಂಗ್ಲಿಷಿನ ಜೊತೆ ಬಂಗಾಳಿ ಅಕ್ಷರ. ಓದಲು ಬರುವುದಿಲ್ಲ, ಆದರೂ ಪಕ್ಕದ ಮನೆಯವರು ಸಿಕ್ಕಂತಾಯಿತು. ಊರಿಗೆ ಬಂದವರ ಲಿಪಿ ಬೋರ್ಡು ಹತ್ತಲು ಎಷ್ಟು ತಲೆಮಾರು ಹಿಡಿಯಿತೋ.

ಅಲ್ಲಿಂದ ನಡೆದು ಬ್ರಿಕ್ ಲೇನ್‌ಗೆ ಹೋದೆ. ಮೂಲೆಯ ಇಟ್ಟಿಗೆ ಕಟ್ಟಡವೊಂದರ ಮುಂದೆಯೇ ಅರ್ಧ ಗಂಟೆ ಕಳೆಯಿತು. 1743ರಲ್ಲಿ ಅದು ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರ ಪ್ರಾರ್ಥನಾ ಮಂದಿರ. ಆಮೇಲೆ ಮೆಥಡಿಸ್ಟ್ ಪಂಥದ ಕ್ರೈಸ್ತರದು, 1898ರಲ್ಲಿ ಯಹೂದ್ಯರ ಸಿನಗಾಗ್, 1976ರಿಂದ ಮಸೀದಿ. ಗೋಡೆಯ ಮೇಲಿನ ನೆರಳು ಗಡಿಯಾರದಲ್ಲಿ ‘ನಾವು ನೆರಳು’ ಎಂದು ಲ್ಯಾಟಿನ್ನಿನಲ್ಲಿ ಬರೆದಿದೆ. ಮೋಡ ಕವಿದಿತ್ತು, ನೆರಳೇ ಬಿದ್ದಿರಲಿಲ್ಲ!

ಮಧ್ಯಾಹ್ನ ಮೇಫೇರ್. ಚೊಕ್ಕ ಬೀದಿ, ಒಳಗೆ ಕಾಲಿಡಲು ಅಂಜಿಕೆಯಾಗುವ ಅಂಗಡಿಗಳು. ಬೇಗನೆ ಹೊರಟುಬಿಟ್ಟೆ.

ವೈಟ್‌ಚಾಪೆಲ್ ಮೂಲಕ ಬರುವ ಎಲಿಜಬೆತ್ ಮಾರ್ಗದ ರೈಲೇ ಸಂಜೆ ಸೌತಾಲ್‌ನಲ್ಲಿ ಇಳಿಸಿತು. ಇಲ್ಲಿನ ಬೋರ್ಡಿನಲ್ಲಿ ಪಂಜಾಬಿಯ ಲಿಪಿ ಗುರುಮುಖಿ. ತರಕಾರಿ ಅಂಗಡಿಯ ಮುಂದೆ ಅಜ್ಜಿಯೊಬ್ಬರು ಹಾಗಲಕಾಯಿಗಳನ್ನು ಒಂದೊಂದಾಗಿ ಅದುಮಿ, ಮೂಸಿ, ತಲೆಯಾಡಿಸಿ ಮತ್ತೆ ಬುಟ್ಟಿಗೇ ಹಾಕುತ್ತಿದ್ದರು. ಅಂಗಡಿಯವನ ಮುಖವನ್ನು ನೀವು ನೋಡಬೇಕಿತ್ತು. ಕೊನೆಗೆ ಅವರು ಕೊಂಡದ್ದು ಒಂದು ಕಟ್ಟು ಕೊತ್ತಂಬರಿ.